ಹಸಿರು ಬಟನ್

ಗಂಡಸಿನ ಮೈಯಲ್ಲಿ ಕಸುವು ಇಳಿದಾಗ ನಲ್ಲಿ ತಿರುಗಿಸಿದಷ್ಟು ಸುಲಭವಾಗಿ ಅದನ್ನು ಏರಿಸುವ ಹಾಗಿದ್ದರೆ, ಆ ನಲ್ಲಿ ಬೇರೆ ಯಾರದೋ ಕೈಯಲ್ಲಿದ್ದರೆ ಏನಾಗುತ್ತದೆ? ದೊಡ್ಡವರು ಇದನ್ನು ಸಭೆ ಸೇರಿ ಚರ್ಚಿಸಲಿ. ನನಗೆ ಚರ್ಚೆ ಬೇಕಿಲ್ಲ. ಆ ನಲ್ಲಿ ನನ್ನ ಕೈಯಲ್ಲೇ ಇತ್ತು.

ನನ್ನ ಹೆಸರು ಕುಮುದಾ. ಮೈಸೂರಿನ ರಿಂಗ್ ರಸ್ತೆಯಾಚೆ ಒಂದು ಕಂಪನಿಯ ನಿಗಾ ಕೋಣೆಯಲ್ಲಿ ಕೆಲಸ. ಮೊದಲೇ ಹೇಳಿಬಿಡುತ್ತೇನೆ, ನಾನು ಅನುಮಾನದ ಪ್ರಾಣಿ. ಹಾಲಿನವನು ನೀರು ಬೆರೆಸಿಲ್ಲ ಎಂದರೆ ಇನ್ನೇನು ಬೆರೆಸಿದ ಎಂದು ಯೋಚಿಸುವವಳು. ಇಂಥ ಕೆಲಸಕ್ಕೆ ಇಂಥವಳೇ ಬೇಕು ಎಂದು ನಮ್ಮ ಡಾಕ್ಟರು ವಿಶ್ವಂಭರ ಅವರು ನನ್ನನ್ನು ಸೇರಿಸಿಕೊಂಡಿದ್ದರು.

ಟೆಸ್ಟೋಸ್ಟೆರಾನ್ ಕಡಿಮೆಯಾದ ಗಂಡಸರಿಗೆ ಮೊದಲೆಲ್ಲ ಇದ್ದದ್ದು ಇಂಜೆಕ್ಷನ್. ಚುಚ್ಚಿಸಿಕೊಂಡ ವಾರ ಹುಲಿ, ಮುಂದಿನ ವಾರ ಇಲಿ. ಆಮೇಲೆ ಭುಜಕ್ಕೆ ಹಚ್ಚುವ ಜೆಲ್ ಬಂತು. ಅದನ್ನು ಹಚ್ಚಿಕೊಂಡವನು ಹೆಂಡತಿ ಮಕ್ಕಳ ಹತ್ತಿರ ಸುಳಿಯುವ ಮೊದಲು ಮೈ ಮುಚ್ಚಿಕೊಳ್ಳಬೇಕು, ಇಲ್ಲದಿದ್ದರೆ ಅವರ ಮೈಗೂ ಅಂಟುತ್ತದೆ. ಈಚೆಗೆ ಬಂದದ್ದು ನಮ್ಮ ‘ಒರತೆ’. ಹುಣಸೆ ಬೀಜದಷ್ಟು ದಪ್ಪದ ಡಬ್ಬಿ. ಸೊಂಟದ ಹಿಂಭಾಗದಲ್ಲಿ ಚರ್ಮದ ಕೆಳಗೆ ಕೂರಿಸುತ್ತಾರೆ. ಅದು ರಕ್ತವನ್ನು ನೋಡುತ್ತಲೇ ಇದ್ದು, ಎಷ್ಟು ಕಡಿಮೆಯಾಗಿದೆಯೋ ಅಷ್ಟನ್ನು ಬಿಡುತ್ತದೆ. ನಾಡಿ ಬಡಿತ ಎಷ್ಟು, ರಕ್ತ ಮಂದವಾಗುತ್ತಿದೆಯೇ ಎಂಬುದನ್ನೆಲ್ಲ ನಮ್ಮ ಪರದೆಗೆ ಕಳಿಸುತ್ತದೆ. ಇನ್ನೂ ಸ್ವಲ್ಪ ಬೇಕು ಎನಿಸಿದರೆ ಅವನು ಫೋನಿನಲ್ಲಿ ಕೇಳಬೇಕು, ನಾವು ಕೊಡಬೇಕು.

ಪರದೆಯಲ್ಲಿ ಎರಡು ಬಟನ್. ಒಪ್ಪಿಗೆಯದು ಹಸಿರು, ಅಂಗೈಯಗಲ. ನಿರಾಕರಣೆಯದು ಮೂಲೆಯಲ್ಲಿ ಬೂದು ಬಣ್ಣದ್ದು. ಒತ್ತಿದರೆ ಕಾರಣ ಬರೆಯಬೇಕು, ಮೇಲಿನವರಿಗೆ ವಿವರಣೆ ಕೊಡಬೇಕು. ಇದನ್ನು ಹೀಗೆ ಮಾಡಿಸಿದವರ ತಲೆಯಲ್ಲಿ ಏನಿತ್ತು ಎಂದು ಮೊದಲ ದಿನವೇ ನನಗೆ ಅನುಮಾನ ಬಂದಿತ್ತು. ಬಂದರೇನು, ದಿನಗಟ್ಟಲೆ ಕೂತವಳ ಬೆರಳು ಹಸಿರಿಗೇ ಹೋಗುತ್ತದೆ. ನಿಜವಾಗಿ ಕಾಯಿಲೆಯಿದ್ದವರು ಹೆಚ್ಚಿಗೆ ಕೇಳುತ್ತಲೇ ಇರಲಿಲ್ಲ. ಡಬ್ಬಿ ಕೊಟ್ಟಷ್ಟರಲ್ಲಿ ಅವರಿಗೆ ಜೀವ ಬಂದಿರುತ್ತಿತ್ತು, ಕೆಲಸಕ್ಕೆ ಹೋಗುತ್ತಿದ್ದರು, ನಗುತ್ತಿದ್ದರು. ಕೇಳುವವರು ಬೇರೆಯೇ. ಮದುವೆ ಸೀಸನ್ನಿನಲ್ಲಿ ಕೇಳುತ್ತಿದ್ದರು, ಕ್ರಿಕೆಟ್ ಫೈನಲ್ಲಿನ ದಿನ ಕೇಳುತ್ತಿದ್ದರು. ಕೂತು ಆಟ ನೋಡುವುದಕ್ಕೆ ಅದ್ಯಾಕೆ ಬೇಕೋ, ಆ ದೇವರಿಗೇ ಗೊತ್ತು. ಹೆಸರು ಯಾವುದೂ ನಮಗೆ ಕಾಣುತ್ತಿರಲಿಲ್ಲ. ಗುಟ್ಟು ಕಾಯಬೇಕೆಂದು ಎಲ್ಲರಿಗೂ ಒಂದೊಂದು ನಂಬರು.

ಮನೆಯಲ್ಲಿ ನನಗಿದ್ದ ಚಿಂತೆ ಒಂದೇ. ಮದುವೆಯಾಗಿ ಹನ್ನೊಂದು ವರ್ಷ, ಮಕ್ಕಳಿಲ್ಲ. ಪ್ರನಾಳ ಶಿಶುವಿನ ಪ್ರಯತ್ನ ಎರಡು ಸಲ ಕೈಕೊಟ್ಟಿತ್ತು. ಮೂರನೆಯದೇ ಕೊನೆ, ನಿಮಗೂ ಮೂವತ್ತೊಂಬತ್ತಾಯಿತು, ಆಮೇಲೆ ನಾನು ಕೈ ಹಾಕುವುದಿಲ್ಲ ಎಂದು ಡಾಕ್ಟರಮ್ಮ ಖಡಾಖಂಡಿತ ಹೇಳಿದ್ದರು. ನನ್ನ ಗಂಡನ ವೀರ್ಯಾಣುಗಳ ಸಂಖ್ಯೆ ಕಡಿಮೆ, ಆದರೆ ಇಷ್ಟಿದ್ದರೆ ಸಾಕು ಎಂದೂ ಹೇಳಿದ್ದರು. ಸಂಕ್ರಾಂತಿ ಕಳೆದ ಮೇಲೆ ನನಗೆ ಇಂಜೆಕ್ಷನ್ ಶುರುವಾಗಬೇಕಿತ್ತು. ನಾನು ದಿನವೂ ಅದೊಂದನ್ನೇ ಎದುರು ನೋಡುತ್ತಿದ್ದೆ.

ನನ್ನ ಗಂಡ ಉಮಾಪತಿ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು. ಒಂದೆರಡು ವರ್ಷದಿಂದ ಮೈದಾನದಲ್ಲಿ ಕುರ್ಚಿ ಹಾಕಿಕೊಂಡು ಕೂತೇ ವಿಶಲ್ ಊದುತ್ತಿದ್ದವರು ದೀಪಾವಳಿ ಕಳೆದ ಮೇಲೆ ಇದ್ದಕ್ಕಿದ್ದಂತೆ ಚುರುಕಾದರು. ಮಕ್ಕಳ ಜೊತೆ ಓಡತೊಡಗಿದರು. ತಲೆಗೆ ಬಣ್ಣ ಬಿತ್ತು. ಇಸ್ತ್ರಿ ಮಾಡಿದ ಶರಟಿನ ಮೇಲೆ ಸೆಂಟು ಬಿತ್ತು. ನನ್ನ ಮೇಲೂ ಹೊಸ ಪ್ರೀತಿ ಉಕ್ಕಿತು, ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯೇ ಆಯಿತು. ಆದರೆ ಮಲಗುವಾಗ ಬನಿಯನ್ ಬಿಚ್ಚುತ್ತಿರಲಿಲ್ಲ. ಬಚ್ಚಲಿಗೆ ಹೋದರೆ ಚಿಲಕ. ಹನ್ನೊಂದು ವರ್ಷ ಬಾಗಿಲು ತೆರೆದಿಟ್ಟೇ ಹಾಡಿಕೊಂಡು ಸ್ನಾನ ಮಾಡುತ್ತಿದ್ದ ಮನುಷ್ಯನಿಗೆ ಈಗ ಯಾವ ನಾಚಿಕೆ?

ಒಂದು ಭಾನುವಾರ ಬೆನ್ನಿಗೆ ಎಣ್ಣೆ ತಿಕ್ಕುತ್ತೇನೆ ಬನ್ನಿ ಎಂದೆ. ಬೇಡ ಬೇಡ ಎನ್ನುವಷ್ಟರಲ್ಲಿ ನನ್ನ ಕೈ ಸೊಂಟಕ್ಕೆ ಹೋಗಿತ್ತು. ಅಲ್ಲೊಂದು ಗಂಟು ಸಿಕ್ಕಿತು. ಕೆಂಡ ಮುಟ್ಟಿದ ಹಾಗೆ ಹಾರಿದರು. ಕುರು ಎದ್ದಿದೆ ಎಂದರು. ಕುರು ನೋವಾಗುತ್ತದೆ, ಬಿಸಿಯಿರುತ್ತದೆ. ಇದು ತಣ್ಣಗೆ, ನುಣ್ಣಗೆ, ಚರ್ಮದ ಕೆಳಗೆ ಆಚೀಚೆ ಜಾರುತ್ತಿತ್ತು. ಇಂಥದ್ದು ಹೇಗಿರುತ್ತದೆಂದು ನನಗೆ ಗೊತ್ತಿಲ್ಲವೇ? ನಮ್ಮ ಆಫೀಸಿನ ಗಾಜಿನ ಬೀರುವಿನ ತುಂಬ ಅವೇ ಇವೆ.

ಮದ್ದು ಬೇಕಿದ್ದರೆ ಹೇಳಿ ಹಾಕಿಸಿಕೊಳ್ಳಬಹುದಿತ್ತು. ಹೆಂಡತಿಗೆ ಹೇಳದೆ ಗಂಡಸು ಮೈಗೆ ಕಸುವು ತುಂಬಿಸಿಕೊಳ್ಳುತ್ತಾನೆ ಎಂದರೆ ಆ ಕಸುವು ಯಾರಿಗಾಗಿ? ತಲೆಗೆ ಬಣ್ಣ, ಶರಟಿಗೆ ಸೆಂಟು. ನನ್ನ ಬುದ್ಧಿ ಸೀದಾ ಅಲ್ಲಿಗೇ ಓಡಿತು. ಮೂರನೆಯ ಪ್ರಯತ್ನದ ಹೊಸ್ತಿಲಲ್ಲಿ ನಿಂತು, ಮಗುವಿಗೆ ಅಪ್ಪನಾಗಬೇಕಾದವನು ಇನ್ನೊಬ್ಬಳ ಮನೆ ಬಾಗಿಲು ತಟ್ಟುತ್ತಿದ್ದಾನೆ ಎಂದುಕೊಂಡೆ. ಅವತ್ತು ಸಾರಿಗೆ ಉಪ್ಪು ಹಾಕುವುದನ್ನೇ ಮರೆತೆ. ಅವರು ತುಟಿ ಪಿಟಕ್ಕೆನ್ನದೆ ಉಂಡರು. ಅದರಿಂದ ನನ್ನ ಅನುಮಾನ ಇನ್ನೂ ಹೆಚ್ಚಾಯಿತು.

ಮಾರನೆಯ ದಿನ ಆಫೀಸಿನಲ್ಲಿ ಪರದೆ ಮುಂದೆ ಕೂತೆ. ದೀಪಾವಳಿಯ ನಂತರ ಡಬ್ಬಿ ಹಾಕಿಸಿಕೊಂಡವರು, ನಲವತ್ತು ದಾಟಿದವರು, ಮೈಸೂರಿನವರು ಎಂದು ಸೋಸುತ್ತಾ ಹೋದರೆ ಬೆರಳೆಣಿಕೆಯಷ್ಟು ನಂಬರು ಉಳಿದವು. ಹೀಗೆ ಹುಡುಕುವುದು ತಪ್ಪು, ಕೆಲಸ ಹೋಗುವಂಥ ತಪ್ಪು. ನನಗೆ ಆಗ ಯಾವುದರ ಪರಿವೆಯೂ ಇರಲಿಲ್ಲ. ಶಾಲೆಯಲ್ಲಿ ಊಟದ ಬಿಡುವಿನ ಹೊತ್ತಿಗೆ, ಅವರು ಕೂತಿರುತ್ತಾರೆಂದು ಖಚಿತವಾದ ಮೇಲೆ, ಫೋನು ಮಾಡಿದೆ. ಇವತ್ತು ಅರ್ಧ ದಿನ ರಜಾ ಹಾಕಿ ಮನೆಯಲ್ಲಿದ್ದೇನೆ, ನಿಮ್ಮ ಬೀರು ಒಪ್ಪ ಮಾಡೋಣವೆಂದರೆ ಬಾಗಿಲು ಬರುತ್ತಿಲ್ಲ, ಬೀಗದ ಕೈ ಎಲ್ಲಿ ಎಂದು ಕೇಳಿದೆ.

ಎಲ್ಲ ನಂಬರುಗಳ ನಾಡಿಯೂ ತಮ್ಮ ಪಾಡಿಗೆ ತಾವಿದ್ದವು. ಎಂ-೩೧೬ ಮಾತ್ರ ದಡಬಡನೆ ಮೇಲೇರಿತು.

ಬೇಡ ಬಿಡಿ, ನಾಳೆ ನೋಡೋಣ, ಊಟ ಆಯ್ತಾ ಎಂದೆ. ಇಳಿಯಿತು. ಸಂಜೆ ಬರುವಾಗ ಮಲ್ಲಿಗೆ ಹೂ ತನ್ನಿ ಎಂದೆ. ಇನ್ನೂ ಇಳಿಯಿತು. ಗುರುವಾರ ನಿಮ್ಮ ಶಾಲೆಯ ಕಡೆ ಬರುವ ಕೆಲಸವಿದೆ, ಬೆಳಿಗ್ಗೆಯೇ ಬಂದು ನಿಮ್ಮನ್ನು ನೋಡುತ್ತೇನೆ ಎಂದೆ. ಪರದೆಯ ಗೆರೆ ಬೀರುವಿನ ಮಾತಿಗಿಂತಲೂ ಎತ್ತರಕ್ಕೆ ಹಾರಿತು. ಗುರುವಾರ ನನಗೆ ಮೀಟಿಂಗ್ ಇರುತ್ತೆ ಕಣೆ, ಬರಬೇಡ ಎಂದರು. ಪಕ್ಕದ ಕುರ್ಚಿಯ ಫೈರೋಜಾ ನನ್ನ ಮುಖ ನೋಡಿ, ಯಾಕೆ ಕುಮುದಕ್ಕ, ಬೆವರುತ್ತಿದ್ದೀರಲ್ಲ ಎಂದು ನೀರಿನ ಬಾಟಲಿ ಕೊಟ್ಟಳು.

ಎಂ-೩೧೬ ನನಗೆ ಹೊಸಬನಲ್ಲ. ಗುರುವಾರ ಬೆಳಿಗ್ಗೆ ತಪ್ಪದೆ ಹೆಚ್ಚಿಗೆ ಕೇಳುವ ಆಸಾಮಿ. ಮೊದಲು ವಾರಕ್ಕೊಂದು ಸಲ ಕೇಳುತ್ತಿದ್ದ, ಆಮೇಲೆ ನಡುನಡುವೆಯೂ ಕೇಳುತ್ತಿದ್ದ. ಫೈರೋಜಾ ಅವನಿಗೆ ಗುರುವಾರದ ಮದುಮಗ ಎಂದು ಹೆಸರಿಟ್ಟಿದ್ದಳು, ನಾನೂ ನಕ್ಕಿದ್ದೆ. ನಗುನಗುತ್ತಲೇ ಹಸಿರು ಬಟನ್ ಒತ್ತಿದ್ದೆ.

ಆ ಗುರುವಾರ ರಜೆ ಹಾಕಿದೆ. ಅವರು ಸ್ಕೂಟರಿನಲ್ಲಿ ಹೊರಟ ಮೇಲೆ ಆಟೋ ಹತ್ತಿ ಹಿಂದೆ ಹೋದೆ. ಆಟೋದವನಿಗೆ ವಿಷಯ ಅರ್ಥವಾಗಿತ್ತು. ಮೇಡಂ, ನಾನು ಬೇಕಾದ್ರೆ ಸಾಕ್ಷಿ ಹೇಳ್ತೀನಿ ಎಂದ. ಮುಂದೆ ನೋಡಿಕೊಂಡು ಓಡಿಸಪ್ಪ ಎಂದೆ. ಶಾಲೆಯ ತಿರುವು ಬಂತು, ಅವರು ತಿರುಗಲಿಲ್ಲ. ಸರಸ್ವತಿಪುರದ ಒಂದು ಅಡ್ಡರಸ್ತೆಯಲ್ಲಿ ಗಾಡಿ ನಿಲ್ಲಿಸಿ, ಕನ್ನಡಿಯಲ್ಲಿ ತಲೆ ಬಾಚಿಕೊಂಡು, ಒಂದು ಮಹಡಿಯ ಮೆಟ್ಟಿಲು ಹತ್ತಿದರು. ನಾನು ಚಪ್ಪಲಿ ಕೈಯಲ್ಲಿ ಹಿಡಿದು ಹಿಂದೆ ಹತ್ತಿದೆ. ಬಾಗಿಲು ತೆರೆಯುವವಳ ಮುಖಕ್ಕೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಟ್ಟುಕೊಂಡಿದ್ದೆ.

ಮೇಲೆ ಯಾವ ಹೆಂಗಸೂ ಇರಲಿಲ್ಲ. ಒಂದು ಸಣ್ಣ ಲ್ಯಾಬು. ಗೋಡೆಗೊರಗಿದ ಬೆಂಚಿನಲ್ಲಿ ನಾಲ್ಕಾರು ಗಂಡಸರು ಒಬ್ಬರ ಮುಖ ಒಬ್ಬರು ನೋಡದೆ ಫೋನು ನೋಡುತ್ತ ಕೂತಿದ್ದರು. ನನ್ನ ಗಂಡನ ಕೈಯಲ್ಲಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಅದರ ಮೇಲೆ ಅವರ ಹೆಸರಿನ ಚೀಟಿ. ವೀರ್ಯ ಪರೀಕ್ಷೆಗೆ ಕೊಡುವ ಡಬ್ಬಿ ಅದು. ಇನ್ನೊಂದು ಕೈಯಲ್ಲಿ ಫೋನು. ನಾನು ಬೆನ್ನ ಹಿಂದೆ ನಿಂತು ನೋಡುತ್ತಿದ್ದಂತೆಯೇ ಹೆಚ್ಚಿಗೆ ಬೇಕೆಂದು ಒತ್ತಿದರು. ಕ್ಷಣ ಹೊತ್ತಿನಲ್ಲಿ ಫೋನು ಹಸಿರಾಯಿತು.

“ರೀ,” ಎಂದೆ.

ತಿರುಗಿ ನೋಡಿದರು. ಮುಖದಲ್ಲಿ ಸಿಕ್ಕಿಬಿದ್ದ ಗಾಬರಿಗಿಂತ ಬೇರೇನೋ ಇತ್ತು. ನನ್ನನ್ನು ನೋಡಿದರು, ಫೋನನ್ನು ನೋಡಿದರು.

“ನೀನು ಇಲ್ಲಿದ್ದೀಯ?” ಎಂದರು. “ಹಾಗಾದ್ರೆ ಈಗ ಒಪ್ಪಿಗೆ ಕೊಟ್ಟಿದ್ದು ಯಾರು?”

ನನಗೆ ಮೊದಲು ಅರ್ಥವಾಗಲಿಲ್ಲ. ಇಷ್ಟು ದಿನ ಹಸಿರು ಒತ್ತುತ್ತಿದ್ದವಳು ನಾನೇ ಎಂದು ಇವರು ತಿಳಿದೇ ಇದ್ದರು ಎಂಬುದು ಅರ್ಥವಾದ ಮೇಲೆ ಅಲ್ಲೇ ಬೆಂಚಿನ ತುದಿಗೆ ಕೂತೆ. ನಾನು ಜೋಡಿಸಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ಕೆಲಸಕ್ಕೆ ಬರಲಿಲ್ಲ.

ಕೆಳಗಿಳಿದು ಪಾರ್ಕಿನ ಕಲ್ಲುಬೆಂಚಿನಲ್ಲಿ ಕೂತು ಎಲ್ಲ ಹೇಳಿದರು. ಸಾಕು ಎಂದು ಡಾಕ್ಟರಮ್ಮ ಅಂದಿದ್ದು ಅವರ ಕಿವಿಗೆ ಬಿದ್ದೇ ಇರಲಿಲ್ಲ, ಕಡಿಮೆ ಎಂದದ್ದಷ್ಟೇ ಬಿದ್ದಿತ್ತು. ಮೊದಲಿನ ಎರಡು ಸಲವೂ ಸೋತದ್ದು ತನ್ನಿಂದಲೇ ಎಂದು ಕೊರಗಿದ್ದರು. ಮೈಯೂ ಸೋತಿತ್ತು, ರಕ್ತ ಪರೀಕ್ಷೆಯಲ್ಲಿ ಹಾರ್ಮೋನು ಕೂಡ ಕೊಂಚ ಕಡಿಮೆ ಬಂದಿತ್ತು. ಕಸುವು ಏರಿದರೆ ಅದೂ ಏರುತ್ತದೆ, ಗಂಡಸುತನ ಎಂದರೆ ಎಲ್ಲ ಒಂದೇ ತಾನೆ ಎಂದುಕೊಂಡು ಒರತೆ ಹಾಕಿಸಿಕೊಂಡರು. ನನಗೆ ತಿಳಿಯದಂತೆ ಪ್ರತಿ ಗುರುವಾರ ಇಲ್ಲಿ ಪರೀಕ್ಷೆ, ವರದಿಗಳೆಲ್ಲ ಬೀರುವಿನೊಳಗೆ. ಪ್ರತಿ ಸಲವೂ ಸಂಖ್ಯೆ ಇಳಿಯುತ್ತ ಹೋಯಿತು. ಇಳಿದಷ್ಟೂ ಇವರು ಹೆಚ್ಚಿಗೆ ಕೇಳಿದರು. ಹೋದ ವಾರ ಬಂದ ಉತ್ತರ, ಒಂದೂ ಇಲ್ಲ.

ಇದು ಮೊದಲ ತರಬೇತಿಯಲ್ಲೇ ನಮಗೆ ಕಲಿಸುವ ಪಾಠ. ಹೊರಗಿನಿಂದ ಟೆಸ್ಟೋಸ್ಟೆರಾನ್ ಧಾರಾಳವಾಗಿ ಬಂದರೆ ಮಿದುಳು, ಸಾಕಷ್ಟಿದೆ ಎಂದುಕೊಂಡು ವೃಷಣಗಳಿಗೆ ಹೇಳಿಕಳಿಸುವುದನ್ನೇ ನಿಲ್ಲಿಸುತ್ತದೆ. ಅಲ್ಲಿ ಹಾರ್ಮೋನಿನ ಜೊತೆಗೆ ವೀರ್ಯಾಣು ತಯಾರಾಗುವುದೂ ನಿಲ್ಲುತ್ತದೆ. ಆಸೆ ಇರುತ್ತದೆ, ಬಲ ಇರುತ್ತದೆ, ಮಗು ಮಾತ್ರ ಆಗುವುದಿಲ್ಲ. ಅದಕ್ಕೇ ಮಗು ಬೇಕೆನ್ನುವವರಿಗೆ ಒರತೆ ಹಾಕುವಂತಿಲ್ಲ. ಮಿದುಳನ್ನೇ ಎಬ್ಬಿಸುವ ಬೇರೆ ಮದ್ದು ಕೊಡುತ್ತಾರೆ. ಹಾಗಾದರೆ ಇವರಿಗೆ ಹೇಗೆ ಹಾಕಿದರು? ನನ್ನ ಅನುಮಾನ ಈಗ ಕಂಪನಿಯ ಕಡೆ ತಿರುಗಿತು. ನಿಮ್ಮನ್ನು ಮಕ್ಕಳ ವಿಷಯ ಕೇಳಲೇ ಇಲ್ಲವೇ ಎಂದೆ.

ಕೇಳಿದ್ದರಂತೆ. ಎಷ್ಟು ಮಕ್ಕಳು ಸಾರ್ ಎಂದು.

“ಏನಂದ್ರಿ?”

ಅವರು ನೆಲ ನೋಡುತ್ತ ಹೇಳಿದರು: “ಎರಡು ಹೆಣ್ಣು ಅಂದೆ. ಮೈಥಿಲಿ, ಮಾಧವಿ.”

ಇದು ನಮ್ಮಿಬ್ಬರ ನಡುವಿನ ವಿಷಯ, ಹೊರಗಿನವರಿಗೆ ಹುಚ್ಚೆನಿಸಬಹುದು. ರೈಲಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಕಂಡು ಕೇಳರಿಯದವರೂ ಮಕ್ಕಳೆಷ್ಟು ಎಂದೇ ಮಾತು ಶುರು ಮಾಡುತ್ತಾರೆ. ಇಲ್ಲ ಎಂದರೆ ಮುಗಿಯಿತು. ಯಾರದು ತೊಂದರೆ, ಯಾವ ದೇವರಿಗೆ ಹರಕೆ, ಯಾವ ಊರಿನಲ್ಲಿ ಔಷಧಿ. ಅದಕ್ಕೆ ನಾವು ಗುರುತಿಲ್ಲದವರಿಗೆಲ್ಲ ಎರಡು ಹೆಣ್ಣು ಎಂದು ಹೇಳುವುದನ್ನು ರೂಢಿ ಮಾಡಿಕೊಂಡಿದ್ದೆವು. ಕೇಳಿದವರು ಓಹೋ ಎಂದು ಸುಮ್ಮನಾಗುತ್ತಿದ್ದರು. ಹೇಳಿ ಹೇಳಿ ಮೈಥಿಲಿಗೆ ಗಣಿತ ಕಷ್ಟ, ಮಾಧವಿಗೆ ಹಟ ಜಾಸ್ತಿ ಎನ್ನುವವರೆಗೂ ಹೋಗಿತ್ತು. ಚಿಕಿತ್ಸೆಗೆ ಕೂತವರು ಡಾಕ್ಟರ ಮುಂದೆಯೂ ಅದೇ ಬಾಯಿಪಾಠ ಒಪ್ಪಿಸಿ ಬಂದಿದ್ದರು. ಎರಡು ಮಕ್ಕಳಿರುವವನಿಗೆ ಇನ್ನೇನು ಚಿಂತೆ ಎಂದು ಅವರು ಮುಂದಿನ ಪ್ರಶ್ನೆಗೆ ಹೋದರು.

ಬೈಯಬೇಕೆನಿಸಿತು. ನಾನು ಅಲ್ಲೇ ಕೆಲಸ ಮಾಡುವುದು ಗೊತ್ತಿದ್ದೂ ನನ್ನನ್ನೊಂದು ಮಾತು ಕೇಳಬಾರದಿತ್ತೇ ಎಂದೆ.

“ಕೇಳ್ತಾನೇ ಇದ್ನಲ್ಲ,” ಎಂದರು. “ವಾರಾವಾರ ಕೇಳ್ತಿದ್ದೆ. ಮುಖ ನೋಡಿ ಹೇಳೋಕೆ ನಾಚಿಕೆ ಆಗ್ತಿತ್ತು. ಆ ಕಡೆ ಕೂತಿರೋಳು ನೀನೇ, ನಿನಗೆ ಎಲ್ಲ ಗೊತ್ತಿರುತ್ತೆ, ಬೇಕೂಂತಲೇ ಏನೂ ಕೇಳದೆ ಸುಮ್ಮನಿದ್ದೀಯ ಅಂದ್ಕೊಂಡಿದ್ದೆ. ಒಂದ್ಸಲನಾದ್ರೂ ಬೇಡ ಅಂತೀಯೇನೋ ಅಂತ ನೋಡ್ದೆ. ನೀನು ಕೊಡ್ತಾನೇ ಹೋದೆ. ಇವಳಿಗೂ ನಾನು ಸಾಲ್ತಿಲ್ಲ ಅನ್ನಿಸ್ತು, ಕುಮುದಾ.”

ನಾನು ಅತ್ತೆ. ಪಾರ್ಕಿನಲ್ಲಿ ವಾಕಿಂಗ್ ಮಾಡುವವರೆಲ್ಲ ನೋಡುತ್ತಿದ್ದರು, ಆದರೂ ಬಿಕ್ಕಿ ಬಿಕ್ಕಿ ಅತ್ತೆ. ನನ್ನ ಮಗುವಿನ ದಾರಿಯನ್ನು ನಾನೇ ನನ್ನ ಬೆರಳಿನಿಂದ ಮುಚ್ಚುತ್ತ ಕೂತಿದ್ದೆ.

ಮಾರನೆಯ ದಿನ ಡಾಕ್ಟರು ವಿಶ್ವಂಭರ ಅವರ ಮುಂದೆ ನಿಂತು, ಪರದೆಯಲ್ಲಿ ಹುಡುಕಿದ್ದೂ ಸೇರಿ ಎಲ್ಲ ಒಪ್ಪಿಸಿದೆ. ಕೆಲಸ ಹೋಗುತ್ತದೆಂದೇ ಹೋಗಿದ್ದೆ. ಅವರು ಕನ್ನಡಕ ತೆಗೆದಿಟ್ಟು, ಕೆಲಸದ ಮಾತು ಹಾಗಿರಲಿ, ಮೊದಲು ನಿಮ್ಮವರನ್ನು ಕರೆತನ್ನಿ ಎಂದರು. ಆಮೇಲೆ ಎಂ-೩೧೬ರ ಡಬ್ಬಿ ತೆಗೆಸಿ, ಮಿದುಳಿನ ಹೇಳಿಕೆಯನ್ನು ಮತ್ತೆ ಶುರು ಮಾಡಿಸುವ ಇಂಜೆಕ್ಷನ್ ಬರೆದರು. ಬಹಳ ಜನರಿಗೆ ವಾಪಸು ಬರುತ್ತದೆ, ಆರು ತಿಂಗಳಾಗಬಹುದು, ವರ್ಷ ದಾಟಬಹುದು, ಕೆಲವರಿಗೆ ಪೂರ್ತಿ ಬಾರದೆಯೂ ಇರಬಹುದು, ಮಾತು ಕೊಡುವುದಿಲ್ಲ ಎಂದರು. ಅಂದಿನಿಂದ ಒರತೆ ಹಾಕುವ ಅವರ ಆಸ್ಪತ್ರೆಯಲ್ಲಿ ಎಷ್ಟು ಮಕ್ಕಳು ಎಂದು ಯಾರೂ ಕೇಳುವುದಿಲ್ಲ. ಇನ್ನು ಮುಂದೆ ಮಗು ಬೇಕೇ ಎಂದು ಕೇಳುತ್ತಾರೆ. ಬಟನ್ನುಗಳ ಅಳತೆ ಮಾತ್ರ ಮೊದಲಿನ ಹಾಗೇ ಇದೆ. ಅದನ್ನು ಬದಲಿಸಬೇಕೆಂದು ನಾನು ಮೂರು ಸಲ ಹೇಳಿದೆ, ಮೂರು ಸಲವೂ ಮೇಲಿನವರು ನಕ್ಕು ತಲೆಯಾಡಿಸಿದರು.

ಡಾಕ್ಟರಮ್ಮ ನನ್ನ ಅಂಡಾಣುಗಳನ್ನು ತೆಗೆದು ಹೆಪ್ಪುಗಟ್ಟಿಸಿ ಇಟ್ಟರು. ಐದು ಸಿಕ್ಕವು. ಇನ್ನು ಎಲ್ಲವೂ ನನ್ನ ಗಂಡನ ಕೈಯಲ್ಲಿ.

ಡಬ್ಬಿ ತೆಗೆದ ಮೇಲೆ ಮನುಷ್ಯ ನೆಲ ಹಿಡಿದರು. ಮೈದಾನಕ್ಕೆ ಮತ್ತೆ ಕುರ್ಚಿ ಬಂತು. ನನ್ನ ಪಕ್ಕ ಮಲಗಿದರೆ ಗೋಡೆ ಕಡೆ ಮುಖ. ಯಾರೋ ಹೆಡ್‌ಮಾಸ್ಟರಿಗೆ, ಈ ಮೇಷ್ಟ್ರ ಕೈಲಿ ಇನ್ನು ಆಗೋದಿಲ್ಲ ಎಂದಿದ್ದರಂತೆ. ಬೇಗ ಬೇಸರ, ಬೇಗ ಸಿಟ್ಟು, ಒಂದು ದಿನ ಟೀವಿಯಲ್ಲಿ ಅಡಿಗೆ ಕಾರ್ಯಕ್ರಮ ನೋಡುತ್ತ ಅತ್ತುಬಿಟ್ಟರು. ನನಗೆ ಪಾಪ ಎನಿಸುತ್ತಿತ್ತು. ಆದರೆ ನನ್ನ ಬುದ್ಧಿ ಎಲ್ಲಿ ಹೋಗಬೇಕು? ಸಹಿಸಲಾಗದೆ ಎಲ್ಲಾದರೂ ಜೆಲ್ ತಂದು ಹಚ್ಚಿಕೊಳ್ಳುತ್ತಿದ್ದಾರೋ ಎಂದು ಶಾಲೆಯಿಂದ ಬಂದೊಡನೆ ಹತ್ತಿರ ಹೋಗಿ ಮೂಸುತ್ತಿದ್ದೆ. ಆ ಜೆಲ್ಲಿಗೆ ಸ್ಪಿರಿಟ್ಟಿನ ವಾಸನೆಯಿರುತ್ತದೆ. ಮೊದಮೊದಲು ಅಪ್ಪಿಕೊಳ್ಳುವ ನೆಪ ಮಾಡುತ್ತಿದ್ದೆ. ಅವರಿಗೇನು ತಿಳಿಯುವುದಿಲ್ಲವೇ? ಒಂದು ಸಂಜೆ ಬಾಗಿಲಲ್ಲೇ ನಿಂತು ಶರಟಿನ ಗುಂಡಿ ಬಿಚ್ಚಿ, ಭುಜ ಮುಂದೆ ಮಾಡಿದರು.

“ಮೂಸು. ದಿನಾ ಕದ್ದು ಯಾಕೆ ಮೂಸ್ತೀಯ. ಹಚ್ಕೊಂಡಿಲ್ಲ ಕಣೆ. ಹಚ್ಕೋಬೇಕು ಅಂತ ದಿನಾ ಅನ್ನಿಸುತ್ತೆ. ಮೆಡಿಕಲ್ ಶಾಪಿನ ಮುಂದೆ ನಿಂತು ವಾಪಸ್ ಬರ್ತೀನಿ. ನಿನಗೋಸ್ಕರ ಅಲ್ಲ, ಅವಳಿಗೋಸ್ಕರ.”

ಅವಳು ಯಾರು ಎಂದು ನಾನು ಕೇಳಲಿಲ್ಲ, ಮೈಥಿಲಿಯನ್ನು ನಾನೂ ಬಲ್ಲೆ. ನನ್ನ ಜೀವಮಾನದಲ್ಲಿ ಇನ್ನೊಬ್ಬಳ ಮಾತು ಗಂಡನ ಬಾಯಲ್ಲಿ ಬಂದಾಗ ಅನುಮಾನ ಬಾರದೆ ಇದ್ದದ್ದು ಅದೊಂದೇ ಸಲ. ಕಾಫಿ ಮಾಡಿಕೊಟ್ಟೆ. ಆಮೇಲೆ ಮೂಸಲಿಲ್ಲ.

ನಾಲ್ಕು ತಿಂಗಳಿಗೆ ಪರೀಕ್ಷೆ ಮಾಡಿಸಿದಾಗ ಒಂದೂ ಇರಲಿಲ್ಲ. ಏಳನೆಯ ತಿಂಗಳಲ್ಲೂ ಇರಲಿಲ್ಲ. ಡಾಕ್ಟರಮ್ಮ, ಇನ್ನೊಂದು ಸಲ ನೋಡೋಣ, ಆಮೇಲೆ ಬೇರೆಯವರ ವೀರ್ಯಾಣು ಪಡೆಯುವ ವಿಚಾರ ಮಾತಾಡೋಣ ಎಂದರು. ಇವರು ಆಗಲಿ ಎಂದರು. ಎಷ್ಟು ಸಣ್ಣ ದನಿಯಲ್ಲಿ ಎಂದರೆ ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಲಿಲ್ಲ.

ಆ ಇನ್ನೊಂದು ಸಲ ನಾವಿಬ್ಬರೂ ಒಟ್ಟಿಗೆ ಹೋದೆವು. ಡಬ್ಬಿ ಒಳಗೆ ಕೊಟ್ಟು ಬೆಂಚಿನಲ್ಲಿ ಕಾದು ಕೂತೆವು. ಪಕ್ಕದಲ್ಲಿದ್ದ ಹೆಂಗಸು ಎಷ್ಟು ಮಕ್ಕಳು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಇವರು, ಇಲ್ಲಮ್ಮ, ಇನ್ನೂ ಆಗಿಲ್ಲ ಎಂದರು. ಆಕೆ ತಮ್ಮ ಚೀಲದಿಂದ ಎರಡು ಬಾಳೆಹಣ್ಣು ತೆಗೆದು ಕೊಟ್ಟರು.

ಲ್ಯಾಬಿನ ಹುಡುಗಿ ಹೊರಗೆ ಬಂದು, ತೀರಾ ಕಡಿಮೆ ಸಾರ್, ಆದರೆ ಕಾಣುತ್ತಿವೆ ಎಂದಳು.

ನಾನು ನಂಬಲಿಲ್ಲ. ಡಬ್ಬಿ ಅದಲು ಬದಲಾಗಿರಬಹುದು, ಅಯ್ಯೋ ಪಾಪ ಎಂದು ಸುಳ್ಳು ಹೇಳುತ್ತಿರಬಹುದು. ಚೀಟಿ ತೋರಿಸು ಎಂದೆ, ತೋರಿಸಿದಳು. ನಾನೇ ಕಣ್ಣಾರೆ ನೋಡಬೇಕು ಎಂದೆ. ಹಾಗೆಲ್ಲ ಬಿಡುವುದಿಲ್ಲ ಮೇಡಂ ಎಂದಳು. ನೋಡದೆ ಇಲ್ಲಿಂದ ಕದಲುವುದಿಲ್ಲ ಎಂದು ಬಾಗಿಲಿಗೆ ಅಡ್ಡ ನಿಂತೆ. ಇವರು ತಲೆ ಮೇಲೆ ಕೈ ಹೊತ್ತು ಕೂತರು. ಆ ಹುಡುಗಿಗೆ ಏನೆನಿಸಿತೋ, ಒಳಗೆ ಕರೆದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು.

ಮೊದಲು ಬರೀ ಬೂದು ಬಣ್ಣ ಕಂಡಿತು. ನಾನಂದುಕೊಂಡದ್ದೇ ಸರಿ, ಸುಳ್ಳೇ ಹೇಳಿದ್ದಾಳೆ ಎನಿಸಿತು. ಅವಳು ಪಕ್ಕದಿಂದ ಕೈ ಚಾಚಿ ತಿರುಪನ್ನು ಕೊಂಚ ತಿರುಗಿಸಿದಳು. ಮೂಲೆಯಲ್ಲೊಂದು ಚುಕ್ಕೆ, ಅದಕ್ಕೊಂದು ನೂಲಿನಂಥ ಬಾಲ. ಸುತ್ತ ಯಾರೂ ಇಲ್ಲದ ಬಯಲಿನಲ್ಲಿ ಅದೊಂದೇ. ಬಾಲ ಬಡಿಯುತ್ತಿತ್ತು. ಮುಂದೆ ಹೋಗುವುದು ಬಿಟ್ಟು ನಿಂತಲ್ಲೇ ಗಿರಕಿ ಹೊಡೆಯುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಹೊರಡುತ್ತಿತ್ತು.

“ಏನಂತೆ?” ಎಂದು ಬಾಗಿಲಾಚೆಯಿಂದ ಇವರು ಕೇಳಿದರು.

ಕಣ್ಣು ತೆಗೆದರೆ ಅದೆಲ್ಲಿ ನಿಂತುಬಿಡುತ್ತದೋ ಎಂದು ಭಯವಾಗಿತ್ತು. ಕಣ್ಣೀರು ಬಂದು ಎಲ್ಲ ಮಸುಕಾದಾಗ ಬೇಗ ಬೇಗ ಸೆರಗಿನಿಂದ ಒರೆಸಿಕೊಂಡು ಮತ್ತೆ ನೋಡಿದೆ. ಇತ್ತು. ಇನ್ನೂ ಅಲ್ಲೇ ಸುತ್ತುತ್ತಿತ್ತು.

“ನೆಟ್ಟಗೆ ಹೋಗೇ, ಮುಂಡೇದೆ,” ಎಂದು ಗಟ್ಟಿಯಾಗಿ ಬೈದೆ.